ಸ್ಟೆಲ್ಲಾ ನಂಬಲಿಲ್ಲವೇ, ನಂಬಲಾರದೆ ಹೋದಳೇ?

‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕದ ಕೊನೆಯಲ್ಲಿ ಸ್ಟೆಲ್ಲಾ, ತನ್ನ ಗಂಡ ಸ್ಟ್ಯಾನ್ಲಿ ಅತ್ಯಾಚಾರ ಮಾಡಿದನೆಂಬ ಅಕ್ಕ ಬ್ಲಾಂಚ್‌ಳ ಮಾತನ್ನು ನಂಬದೆ ಅವನ ಜೊತೆಯೇ ಉಳಿದದ್ದೇಕೆ, ಕಾಗದದ ದೀಪದ ಅರ್ಥವೇನು ಎಂದು ಕೇಳಿದ್ದೀರಿ.

ನನ್ನ ಓದಿನಲ್ಲಿ ಸ್ಟೆಲ್ಲಾಳಿಗೆ ಸತ್ಯ ಗೊತ್ತಿದೆ. ಅಕ್ಕ ಹೇಳಿದ್ದನ್ನು ನಂಬಿ ಸ್ಟ್ಯಾನ್ಲಿಯ ಜೊತೆ ಬಾಳಲಾರೆ ಎಂದು ಮೇಲಿನ ಮನೆಯ ಯೂನಿಸ್‌ಗೆ ಅವಳೇ ಹೇಳುತ್ತಾಳೆ. ಮಡಿಲಲ್ಲಿ ಹಸುಗೂಸು, ತವರಿನ ಎಸ್ಟೇಟು ಬೆಲ್ ರೀವ್ ಕೈತಪ್ಪಿದೆ, ಹೋಗುವುದಾದರೂ ಎಲ್ಲಿಗೆ? ‘ನಂಬಲೇಬೇಡ’ ಎನ್ನುವ ಯೂನಿಸ್ ಕೂಡ ಗಂಡನಿಂದ ಏಟು ತಿಂದವಳೇ. ಪೊಲೀಸರನ್ನು ಕರೆಯುತ್ತೇನೆಂದು ಕೂಗಾಡಿ ಹೊರಟವಳು ಕುಡಿಯಲು ಕೂತಿದ್ದಳಲ್ಲ, ನೆನಪಿದೆಯೇ?

ಇನ್ನು ದೀಪ. ಬರಿಯ ಬಲ್ಬಿನ ಬೆಳಕನ್ನು ಸಹಿಸದ ಬ್ಲಾಂಚ್ ಅದಕ್ಕೆ ತನ್ನನ್ನು ಮೆಚ್ಚಿದ, ಸ್ಟ್ಯಾನ್ಲಿಯ ಗೆಳೆಯ ಮಿಚ್‌ನ ಕೈಯಿಂದಲೇ ಕಾಗದದ ಹೊದಿಕೆ ಹಾಕಿಸುತ್ತಾಳೆ. ಮುಂದೆ ಅದನ್ನು ಹರಿದು ಅವಳ ಮುಖವನ್ನು ಬೆಳಕಿಗೆ ಹಿಡಿಯುವವನೂ ಅವನೇ. ಬ್ಲಾಂಚ್‌ಳನ್ನು ಹುಚ್ಚಾಸ್ಪತ್ರೆಗೆ ಒಯ್ಯುವ ಕೊನೆಯ ದೃಶ್ಯದಲ್ಲಿ ಸ್ಟ್ಯಾನ್ಲಿ ಆ ಹೊದಿಕೆಯನ್ನು ಕಿತ್ತು ಮುಂದೆ ಚಾಚಿದಾಗ ಅವಳು ತನ್ನನ್ನೇ ಹರಿದಂತೆ ಚೀರುತ್ತಾಳೆ. ‘ಸುಳ್ಳಿನ ಸಂಕೇತ’ ಎಂದು ಗೈಡುಗಳು ಬರೆಯುವುದು ಅರ್ಧ ಮಾತ್ರ. ಯಾವ ಹೆಣ್ಣನ್ನು ಎಷ್ಟು ಬೆಳಕಿನಲ್ಲಿ ನೋಡಬೇಕೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬುದೂ ಅಲ್ಲಿದೆ. ನೆಪೋಲಿಯನ್ ಸಂಹಿತೆಯ ಹೆಸರು ಹೇಳಿ ಸ್ಟ್ಯಾನ್ಲಿ ಬ್ಲಾಂಚ್‌ಳ ಟ್ರಂಕು ಜಾಲಾಡುವುದೂ ಇದೇ ಜಾತಿಯದು: ಹೆಂಡತಿಯ ಆಸ್ತಿ ಗಂಡನದೂ ಹೌದು ಎಂಬ ಕಾನೂನು ಅವನಿಗೆ ಬಾಯಿಪಾಠ.

ನೀವು ನೋಡಿದ್ದು 1951ರ ಚಲನಚಿತ್ರವಾದರೆ ಗೊಂದಲ ಸಹಜ. ಸೆನ್ಸಾರಿನ ಒತ್ತಡದಿಂದ ಅಲ್ಲಿ ಸ್ಟೆಲ್ಲಾ ಮಗುವನ್ನೆತ್ತಿಕೊಂಡು ಮತ್ತೆ ಬರುವುದಿಲ್ಲವೆಂದು ಹೊರಡುತ್ತಾಳೆ. 1947ರ ನಾಟಕದಲ್ಲಿ ಆ ಸಮಾಧಾನವಿಲ್ಲ. ಅವಳು ಅಳುತ್ತಿರುವಾಗಲೇ ಗಂಡಸರು ಇಸ್ಪೀಟಿನ ಮುಂದಿನ ಆಟ ಶುರುಮಾಡುತ್ತಾರೆ.