ಅಪ್ಪನ ಮೂತ್ರಕೋಶದ ಕ್ಯಾನ್ಸರ್‌ಗೆ ಟಿಬಿ ಲಸಿಕೆಯ ಬ್ಯಾಕ್ಟೀರಿಯಾ ಹಾಕ್ತಾರಂತೆ. ಇದು ಪ್ರಯೋಗವಾ? ನಾವು ಮುಂಬೈ ಹತ್ತಿರದ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಬರಬೇಕು.

ಅಲ್ಲ. ಇದು ಹಳೆಯ, ಚೆನ್ನಾಗಿ ಗೊತ್ತಿರುವ ಚಿಕಿತ್ಸೆ. ನಾನು ಮುಂಬೈಯಲ್ಲಿ ಯುರಾಲಜಿ ವಾರ್ಡಿನ ನರ್ಸ್, ಊರು ಕುಂದಾಪುರದ ಕಡೆ. ನೀವು ಕೇಳಿದ್ದನ್ನೇ ನಮ್ಮಲ್ಲಿ ಬರುವ ಮನೆಯವರೂ ಕೇಳುತ್ತಾರೆ.

ಮಕ್ಕಳ ತೋಳಿಗೆ ಹಾಕುವ ಬಿಸಿಜಿಯ ಬ್ಯಾಕ್ಟೀರಿಯಾವೇ ಇದು. ಹಸುಗಳಿಗೆ ಟಿಬಿ ತರುವ ಜೀವಿಯನ್ನು ವರ್ಷಗಟ್ಟಲೆ ಬೆಳೆಸಿ ಬಲ ಕುಗ್ಗಿಸಿದ್ದು. ಆದರೆ ಜೀವಂತ. 1976ರಲ್ಲಿ ಕೆನಡಾದ ಡಾಕ್ಟರ್ ಅಲ್ವಾರೋ ಮೊರಾಲೆಸ್ ಇದನ್ನು ಮೂತ್ರಕೋಶದೊಳಗೆ ಹಾಕಿ ಬಂದ ಫಲಿತಾಂಶ ಪ್ರಕಟಿಸಿದರು. 1990ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬ್ಯಾಕ್ಟೀರಿಯಾ ತಾನೇ ಗಡ್ಡೆಯನ್ನು ತಿನ್ನುವುದಿಲ್ಲ. ಮೂತ್ರಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಹೊಡೆಯಲು ಮೈಯ ರಕ್ಷಣಾ ಕಣಗಳು ಗುಂಪಾಗಿ ಬರುತ್ತವೆ, ಗಡ್ಡೆ ತೆಗೆದ ಮೇಲೂ ಉಳಿದಿರುವ ಕ್ಯಾನ್ಸರ್ ಕಣಗಳನ್ನೂ ಸೇರಿಸಿ ಹೊಡೆಯುತ್ತವೆ. ಗಡ್ಡೆ ಮತ್ತೆ ಬರುವುದು ಇದರಿಂದ ಕಡಿಮೆಯಾಗುತ್ತದೆ.

ಗಡ್ಡೆ ಸ್ನಾಯುವಿಗೆ ಇಳಿಯದೆ ಒಳಪದರದಲ್ಲೇ ಇದ್ದರೆ ಮಾತ್ರ ಇದನ್ನು ಕೊಡುತ್ತಾರೆ. ಬಯಾಪ್ಸಿ ರಿಪೋರ್ಟಿನಲ್ಲಿ ಏನಿದೆ ಅಂತ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ. ಬೇರೆ ಕ್ಯಾನ್ಸರ್‌ಗಳಲ್ಲಿ ಕಥೆ ಇಷ್ಟು ಸಲೀಸಲ್ಲ. 1891ರಲ್ಲೇ ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ ಗಡ್ಡೆಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದ್ದರು. ಕೆಲವರ ಗಡ್ಡೆ ಕರಗಿತು, ಎಲ್ಲರದ್ದೂ ಅಲ್ಲ. ಗಡ್ಡೆಯ ಒಳಗೆ ಆಮ್ಲಜನಕ ಕಡಿಮೆ ಇರುವುದರಿಂದ ಅಲ್ಲೇ ಬೆಳೆಯುವ ಬ್ಯಾಕ್ಟೀರಿಯಾಗಳ ಮೇಲೆ ಈಗಲೂ ಸಂಶೋಧನೆ ನಡೆದಿದೆ. ವಾಟ್ಸಾಪ್‌ನಲ್ಲಿ ಬರುವ ಮೊಸರು, ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ) ಮಾತ್ರೆಗಳಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ದಯವಿಟ್ಟು ಅದನ್ನು ನಂಬಿ ಡೋಸ್ ತಪ್ಪಿಸಬೇಡಿ.

ಸಾಮಾನ್ಯವಾಗಿ ವಾರಕ್ಕೊಂದರಂತೆ ಮೊದಲು 6 ಡೋಸ್. ಸಣ್ಣ ಕೊಳವೆಯಿಂದ ಹಾಕುತ್ತಾರೆ, ಸುಮಾರು 2 ಗಂಟೆ ಮೂತ್ರ ತಡೆಯಬೇಕು. ಡೊಂಬಿವಲಿಯಿಂದ ಬರುವವರು ಅಂದಿದ್ದೀರಿ. ಆ ಹೊತ್ತನ್ನು ಆಸ್ಪತ್ರೆಯಲ್ಲೇ ಕಳೆಯಲಿ, ಲೋಕಲ್‌ನ ನೂಕುನುಗ್ಗಲಿನಲ್ಲಿ ಆ ವಯಸ್ಸಿನವರಿಗೆ ತುಂಬಾ ಹಿಂಸೆ. ಮನೆಯಲ್ಲಿ ಮೊದಲ 6 ಗಂಟೆ ಕೂತೇ ಮೂತ್ರ ಮಾಡಲಿ. ಪ್ರತಿ ಸಲ ಕಮೋಡಿಗೆ ಬ್ಲೀಚ್ ಹಾಕಿ, 15 ನಿಮಿಷ ಬಿಟ್ಟು ಫ್ಲಶ್ ಮಾಡಿ.

ಒಂದೆರಡು ದಿನ ಉರಿ, ಪದೇ ಪದೇ ಮೂತ್ರಕ್ಕೆ ಹೋಗುವುದು, ಮೈ ಬಿಸಿ ಇದೆಲ್ಲ ಸಹಜ. ಮುಂದಿನ ಡೋಸಿನ ದಿನ ಮೂತ್ರದಲ್ಲಿ ರಕ್ತ ಕಂಡರೆ ಹಾಕುವ ಮೊದಲೇ ಹೇಳಿ, ಮುಂದೂಡುತ್ತಾರೆ. ಚಳಿ ಬಂದು ಜ್ವರ ಏರಿದರೆ, ಅಥವಾ ಜ್ವರ ಮರುದಿನವೂ ಇಳಿಯದಿದ್ದರೆ, ಪ್ಯಾರಾಸಿಟಮಾಲ್ ಕೊಟ್ಟು ಸುಮ್ನೆ ಕಾಯಬೇಡಿ. ಅಪರೂಪಕ್ಕೆ ಈ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವುದುಂಟು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ದು "ಬಿಸಿಜಿ ಹಾಕಿದ್ದಾರೆ" ಅಂತ ಮೊದಲೇ ಹೇಳಿ.