ಮೊಬೈಲ್ ಸ್ಟಾರ್ಟರ್ ಮಾರೋದಕ್ಕೆ ಮುಂಚೆ ಲೈಸೆನ್ಸ್ ನೋಡಿಕೊಳ್ಳಿ

ಅಣ್ಣ, ಇಎಸ್‌ಪಿ32 ಬೋರ್ಡಿಗೆ (ಪ್ರೋಗ್ರಾಂ ಹಾಕೋ ಪುಟ್ಟ ಸರ್ಕ್ಯೂಟ್) ಸಿಮ್ ಹಾಕೋ ಜಿಎಸ್‌ಎಂ ಮಾಡ್ಯೂಲ್ ಸೇರಿಸಿ, ಮಿಸ್ಡ್ ಕಾಲ್‌ಗೆ ಪಂಪ್‌ಸೆಟ್ ಆನ್ ಆಗೋ ಪೆಟ್ಟಿಗೆ ಮಾಡಿದ್ದೀರಿ. ಮದ್ದೂರು, ಮಳವಳ್ಳಿ ಕಡೆ ರೈತರಿಗೆ 50 ಪೆಟ್ಟಿಗೆ ಮಾರಬೇಕು, ಒಳಗಿರೋದೆಲ್ಲ ಓಪನ್ ಸೋರ್ಸ್ ಲೈಬ್ರರಿ (ಬೇರೆಯವರು ಬರೆದು ಎಲ್ಲರಿಗೂ ಬಿಟ್ಟಿರೋ ಸಿದ್ಧ ಕೋಡ್), ತೊಂದರೆ ಇದೆಯಾ ಅಂತ ಕೇಳಿದ್ದೀರಿ.

ಧಾರಾಳವಾಗಿ ಮಾರಿ. ಜಿಪಿಎಲ್ ಅನ್ನೋ ಬಿಗಿ ಷರತ್ತಿನ ಓಪನ್ ಸೋರ್ಸ್ ಲೈಸೆನ್ಸ್‌ನ ಕೋಡ್ ಇದ್ದರೂ ದುಡ್ಡು ತಗೊಳ್ಳಬಹುದು. ಆದರೆ ಪೆಟ್ಟಿಗೆ ರೈತರ ಕೈ ಸೇರಿದ ಕೂಡಲೇ ಲೈಸೆನ್ಸ್ ಷರತ್ತುಗಳು ಶುರುವಾಗುತ್ತವೆ.

ಮೊದಲು ಸ್ಕೆಚ್‌ನ (ನೀವು ಬರೆದ ಪ್ರೋಗ್ರಾಂ) ಇನ್‌ಕ್ಲೂಡ್ ಸಾಲುಗಳನ್ನೆಲ್ಲ, ಅಂದ್ರೆ ಲೈಬ್ರರಿ ಸೇರಿಸೋ ಸಾಲುಗಳನ್ನ, ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ವರ್ಷನ್ ನಂಬರ್, ಲೈಸೆನ್ಸ್ ಹೆಸರು ಹಾಕಿ. ಲೈಸೆನ್ಸ್ ಫೈಲೇ ಇಲ್ಲದ ಕೋಡ್ ಇದ್ದರೆ ತೆಗೆದುಬಿಡಿ, ಇಲ್ಲ ಬರೆದವರ ಒಪ್ಪಿಗೆಯನ್ನ ಇ-ಮೇಲ್‌ನಲ್ಲಿ ಪಡೆಯಿರಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ, ಅದಕ್ಕೇ ಬರೆದವರ ಒಪ್ಪಿಗೆ ಬೇಕು.

ನೀವು ಹೇಳಿದ ಆರ್ಡುಯಿನೋಜೇಸನ್, ಪಬ್‌ಸಬ್‌ಕ್ಲೈಂಟ್ ಲೈಬ್ರರಿಗಳು ಎರಡೂ ಎಂಐಟಿ ಅನ್ನೋ ಸರಳ ಲೈಸೆನ್ಸ್‌ನವು. ಅವುಗಳ ಕಾಪಿರೈಟ್ ಸಾಲು, ಲೈಸೆನ್ಸ್ ಒಕ್ಕಣೆ ಎರಡನ್ನೂ ಮ್ಯಾನ್ಯುಯಲ್ ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿದರೆ ಸಾಕು.

ಎಡವೋದು ಯಾರೂ ನೋಡದ ಜಾಗದಲ್ಲಿ. ಇಎಸ್‌ಪಿ32ರ ಆರ್ಡುಯಿನೋ ಕೋರ್ (ಬೋರ್ಡ್ ಮೇಲೆ ಸ್ಕೆಚ್ ಓಡಿಸೋ ಮೂಲ ಕೋಡ್) ಎಲ್‌ಜಿಪಿಎಲ್ 2.1, ಅಂದ್ರೆ ಲೈಬ್ರರಿಗಳಿಗಂತ ಇರೋ ಜಿಪಿಎಲ್‌ನ ಸಡಿಲ ರೂಪ. ನಿಮ್ಮ ಸ್ಕೆಚ್, ಕೋರ್ ಎಲ್ಲ ಸೇರಿ ಬೋರ್ಡಿಗೆ ಹಾಕೋ ಒಂದೇ ಬಿನ್ ಫೈಲ್ ಆಗುತ್ತೆ. ಹಾಗಾಗಿ ಕೊಂಡವರು ಕೋರ್ ಬದಲಾಯಿಸಿ ಮತ್ತೆ ಲಿಂಕ್ ಮಾಡಿಕೊಳ್ಳೋ (ತುಣುಕುಗಳನ್ನ ಒಂದೇ ಫೈಲಾಗಿ ಜೋಡಿಸೋ) ಹಾಗೆ ಕೋರ್‌ನ ಸೋರ್ಸ್, ನಿಮ್ಮ ಕೋಡ್‌ನ ಡಾಟ್ ಓ ಫೈಲ್‌ಗಳು (ಕಂಪೈಲ್ ಆದ, ಆದರೆ ಇನ್ನೂ ಜೋಡಿಸದ ತುಣುಕುಗಳು) ಸಿಗಬೇಕು. ನಿಮ್ಮ ಸ್ಕೆಚ್‌ನ ಸೋರ್ಸ್ ಕೊಡಬೇಕಾಗಿಲ್ಲ. ಆರ್ಡುಯಿನೋ ಐಡಿಇ (ಸ್ಕೆಚ್ ಬರೆಯೋ ಸಾಫ್ಟ್‌ವೇರ್) ಪ್ರಿಫರೆನ್ಸಸ್‌ನಲ್ಲಿ ಕಂಪೈಲ್‌ನ ವರ್ಬೋಸ್ ಔಟ್‌ಪುಟ್ ಟಿಕ್ ಮಾಡಿದರೆ ಆ ಫೈಲ್‌ಗಳು ಯಾವ ಫೋಲ್ಡರಲ್ಲಿವೆ ಅಂತ ಕಾಣುತ್ತೆ. ಅದು ತಾತ್ಕಾಲಿಕ ಫೋಲ್ಡರ್, ಅಳಿಸಿಹೋಗುತ್ತೆ. ಪ್ರತಿ ಬ್ಯಾಚಿನದನ್ನೂ ಅವತ್ತೇ ಕಾಪಿ ಮಾಡಿಡಿ. ಪೆಟ್ಟಿಗೆ ಜೊತೆ ಕೊಡದಿದ್ದರೆ, ಕೇಳಿದವರಿಗೆ ಕೊಡ್ತೀವಿ ಅಂತ ಕನಿಷ್ಠ 3 ವರ್ಷ ನಡೆಯೋ ಲಿಖಿತ ಭರವಸೆ ಮ್ಯಾನ್ಯುಯಲ್‌ನಲ್ಲಿರಲಿ. ವಾರಂಟಿ ಕಾರ್ಡಲ್ಲಿ "ರಿವರ್ಸ್ ಎಂಜಿನಿಯರಿಂಗ್ ನಿಷಿದ್ಧ" ಅಂತ ಹಾಕಿಸಬೇಡಿ, ಈ ಲೈಸೆನ್ಸ್‌ಗೆ ಅದು ನೇರ ವಿರುದ್ಧ. ಇಷ್ಟು ತಾಪತ್ರಯ ಬೇಡ ಅಂದ್ರೆ ಆರ್ಡುಯಿನೋ ಕೋರ್ ಬಿಟ್ಟು, ಚಿಪ್ ತಯಾರಕರದೇ ಆದ ಇಎಸ್‌ಪಿ-ಐಡಿಎಫ್‌ಗೆ ಹೋಗಿ, ಅದು ಅಪಾಚೆ 2.0 ಅನ್ನೋ ಸಡಿಲ ಲೈಸೆನ್ಸ್. ಬರೆಯೋ ಕೆಲಸ ಜಾಸ್ತಿ, ಆದರೂ 50 ಪೆಟ್ಟಿಗೆ 500 ಆಗೋದಿದ್ದರೆ ಇದೇ ವಾಸಿ.

ಜಿಎಸ್‌ಎಂ ಮಾಡ್ಯೂಲ್ ಜೊತೆ ಮಾತಾಡೋ ಟೈನಿಜಿಎಸ್‌ಎಂ ಲೈಬ್ರರಿ ಎಲ್‌ಜಿಪಿಎಲ್ 3. ಕೋಡ್ ಕದೀತಾರೆ ಅಂತ ಸೆಕ್ಯೂರ್ ಬೂಟ್ (ನಿಮ್ಮ ಸಹಿ ಇರೋ ಕೋಡ್ ಮಾತ್ರ ಓಡಿಸೋ ಬೀಗ) ಹಾಕಿದ್ರೆ ಕೊಂಡವರು ಬದಲಾಯಿಸಿದ ಕೋಡ್ ಬೋರ್ಡಿಗೆ ಹತ್ತಲ್ಲ, ಆಗ ಕೊಂಡವರು ಬದಲಾಯಿಸಿಕೊಳ್ಳೋ ಹಾಗಿರಬೇಕು ಅನ್ನೋ ಷರತ್ತು ಮುರಿದ ಹಾಗಾಗಬಹುದು. ಬರೀ ಮಿಸ್ಡ್ ಕಾಲ್‌ಗೆ ಆ ಲೈಬ್ರರಿಯೇ ಬೇಡ. ಮಾಡ್ಯೂಲ್‌ಗೆ ಎಟಿ+ಸಿಎಲ್‌ಐಪಿ=1 ಅನ್ನೋ ಆದೇಶ ಕಳಿಸಿದರೆ ರಿಂಗ್ ಜೊತೆ ಕಾಲ್ ಮಾಡಿದವರ ನಂಬರ್ ಬರುತ್ತೆ. ರೈತರ ನಂಬರ್ ಜೊತೆ ಕೊನೆಯ 10 ಅಂಕಿ ಮಾತ್ರ ಹೋಲಿಸಿ, +91 ಇದ್ದರೂ ಇಲ್ಲದಿದ್ದರೂ ತಾಳೆಯಾಗುತ್ತೆ. ಆಮೇಲೆ ಎಟಿಎಚ್ ಕಳಿಸಿ ಕಾಲ್ ಕಟ್ ಮಾಡಿ.

ಇನ್ನೊಂದು, ಈ ಲೈಸೆನ್ಸ್‌ಗಳೆಲ್ಲ ಲೈಬ್ರರಿ ಬರೆದವರು ಗ್ಯಾರಂಟಿ ಕೊಡಲ್ಲ ಅಂತ ಸ್ಪಷ್ಟವಾಗಿ ಹೇಳುತ್ತವೆ. ಒಂದು ಫೇಸ್ ಹೋದಾಗ ಕೋಡ್ ಕೈಕೊಟ್ಟು ರೈತರ ಮೋಟಾರ್ ಸುಟ್ಟರೆ ಅವರು ಬರೋದು ನಿಮ್ಮ ಹತ್ತಿರ. ಮೋಟಾರ್ ಕಾಯೋ ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸೋ ಸಾಧನ) ತೆಗೆಯದೆ ಹಾಗೇ ಉಳಿಸಿ.

ಓಎಲ್‌ಇಡಿ ಡಿಸ್‌ಪ್ಲೇಗೆ ಯಾವ ಲೈಬ್ರರಿ ಹಾಕಿದ್ದೀರಿ ಅಂತ ನೀವು ಬರೆದಿಲ್ಲ. ಅದರ ಲೈಸೆನ್ಸ್ ಫೈಲ್ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.