ಪಿಯುಸಿಯೋ, ಡಿಪ್ಲೊಮಾವೋ?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿಯಲ್ಲಿ ಶೇ 68 ಪಡೆದಿದ್ದಾನೆ. ಜಿಟಿಟಿಸಿಗೆ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಸೇರಿ ಡಿಪ್ಲೊಮಾ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾನೆ. ‘ಪಿಯುಸಿ ಬಿಟ್ಟು ಫಿಟ್ಟರ್ ಆಗುತ್ತಾನಾ?’ ಎಂದು ನೆಂಟರು ನಗುತ್ತಿದ್ದಾರೆ. ಏನು ಮಾಡಲಿ ಸರ್?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ನಗಲಿ ಬಿಡಿ ತಾಯಿ, ಫೀಸು ಕಟ್ಟುವವರು ನೀವು. ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ತಯಾರಿಸುವ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ಸಂದರ್ಶನಕ್ಕೆ ಬಂದವರ ಕೈಗೆ ಮೊದಲು ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಸಾಧನ) ಕೊಡುತ್ತಿದ್ದೆ. ಎಷ್ಟೋ ಎಂಜಿನಿಯರಿಂಗ್ ಪದವೀಧರರು ಅದನ್ನು ನಲ್ಲಿ ತಿರುಪಿದಂತೆ ಬಿಗಿಯುತ್ತಿದ್ದರು. ಅತಿಯಾಗಿ ಬಿಗಿಯದಂತೆ ತಡೆಯುವ ತುದಿಯ ರ‍್ಯಾಚೆಟ್ ತಿರುಪನ್ನು ಮುಟ್ಟುತ್ತಲೇ ಇರಲಿಲ್ಲ. ಡಿಪ್ಲೊಮಾ ಹುಡುಗರು ಮೊದಲು ಅದರ ಸೊನ್ನೆ ಸರಿಯಿದೆಯೇ ಎಂದು ನೋಡುತ್ತಿದ್ದರು. ಯಾರನ್ನು ತೆಗೆದುಕೊಂಡೆ ಎಂದು ಬೇರೆ ಹೇಳಬೇಕೆ?

1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಈ ಜಿಟಿಟಿಸಿ. ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಆದರೆ ಮೂರು ವರ್ಷ ಅಲ್ಲೇ ಕಲಿಕೆ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮುಂದೆ ಓದುವ ಹಂಬಲವಿದ್ದರೆ ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಎರಡನೆಯ ವರ್ಷಕ್ಕೇ ಸೇರಬಹುದು; ನೆಂಟರಿಗೆ ಇದನ್ನೂ ಹೇಳಿ.

ಆದರೆ ದಿನವಿಡೀ ನಿಂತೇ ಕೆಲಸ. ಆರಂಭದಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಅರ್ಜಿ ಹಾಕುವ ಮುನ್ನ ಯಾವುದಾದರೂ ವರ್ಕ್‌ಶಾಪಿನಲ್ಲಿ ಅವನನ್ನು ಅರ್ಧ ದಿನ ನಿಲ್ಲಿಸಿ. ಲೋಹ ಕತ್ತರಿಸುವಾಗ ಬಿಸಿ ತಣಿಸಲು ಸುರಿಯುವ ಕೂಲೆಂಟ್ ದ್ರವದ ವಾಸನೆಗೆ ಮುಖ ಸಿಂಡರಿಸದಿದ್ದರೆ ಸೇರಿಸಿ.